ಹಿಟ್ಟೈಟರ ಅಧೀನ ರಾಜರನ್ನು ‘ಪಾಳೆಗಾರ’ ಅನ್ನಬಹುದೇ? ಅಣಕು ಒಪ್ಪಂದದ ಕರಡು ತಿದ್ದಿಕೊಡಿ

ಕಲ್ಪತರು_ಓದು (ತುಮಕೂರು)

ತುಮಕೂರಿನ ನಮ್ಮ ಓದುಬಳಗದ ಮುಂದಿನ ಕೂಟಕ್ಕೆ ಹಿಟ್ಟೈಟ್ ಸಾಮ್ರಾಜ್ಯದ (ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಗಿನ ಟರ್ಕಿ, ಸಿರಿಯಾ ಕಡೆ ಆಳಿದ್ದು) ವಿಷಯ ಆರಿಸಿದ್ದೇವೆ. ಭಾಷಣ ಬೇಡ, ಒಂದೂವರೆ ಗಂಟೆಯ ಅಣಕು ಒಪ್ಪಂದ ಮಾಡಿಸೋಣ ಎಂದು ತೀರ್ಮಾನವಾಗಿದೆ. ಒಬ್ಬರು ಹತ್ತುಸದ (ಹಿಟ್ಟೈಟರ ರಾಜಧಾನಿ) ಮಹಾರಾಜ, ಒಬ್ಬರು ಅವನಿಗೆ ಅಧೀನನಾದ ಅಮುರ್ರುವಿನ ದೊರೆ, ಅವನಂತೆಯೇ, ಒಬ್ಬರು ಉಗರಿತ್‌ನ ದೊರೆ, ಒಬ್ಬರು ಲಿಪಿಕಾರ. ಮಿಕ್ಕವರು ದೇವರುಗಳು, ಅಂದರೆ ಸಾಕ್ಷಿಗಳು. ಕರಡು ಅರ್ಧ ಆಗಿದೆ. ತಿಳಿದವರು ಈ ನಾಲ್ಕು ನೋಡಿ ಹೇಳಿ:

ಪದ. ಅಧೀನ ರಾಜನಿಗೆ ‘ಪಾಳೆಗಾರ’ ಎಂದೇ ಬರೆದಿದ್ದೇವೆ. ಮಧುಗಿರಿ ಬೆಟ್ಟ ಹತ್ತಿದವರಿಗೆ, ನಿಡುಗಲ್ಲು ನೋಡಿದವರಿಗೆ ವಿವರಿಸುವ ಕೆಲಸ ಇರುವುದಿಲ್ಲ ಎಂಬ ಲೆಕ್ಕ.

ಒಪ್ಪಂದದ ಕಲಮುಗಳು ಯಾವ ಕ್ರಮದಲ್ಲಿ ಬರಬೇಕು?

ಕಪ್ಪ. ಉಗರಿತ್ ವರ್ಷಕ್ಕೆ 12 ಮೀನಾ 20 ಶೆಕೆಲ್ (ಎರಡೂ ಆ ಕಾಲದ ತೂಕದ ಅಳತೆ) ಚಿನ್ನ ಕೊಡುತ್ತಿತ್ತು ಎಂದು ಓದಿದ್ದೇವೆ. ಮೀನಾಕ್ಕೆ 50 ಶೆಕೆಲ್ ಹಿಡಿದು 620 ಶೆಕೆಲ್ ಎಂದು ಹಾಕಿದ್ದೇವೆ. ಸರಿಯೇ?

ಪೋಸ್ಟರ್. ‘ಇಂದ್ರ, ವರುಣರನ್ನು ಪೂಜಿಸಿದ ಹಿಟ್ಟೈಟರು’ ಎಂಬ ತಲೆಬರಹ. ಜನ ಬರಬೇಕಲ್ಲ!

ಜೊತೆಗೆ, ಆಟದ ಕೊನೆಯ ಅರ್ಧ ಗಂಟೆ ಒಪ್ಪಂದ ಮುರಿದುಬೀಳಬೇಕು. ಹೇಗೆ ಮುರಿಸುವುದು?

---

ಆವನಿ_ಬಂಡೆ (ಕೋಲಾರ)

ಮೊದಲು ಪೋಸ್ಟರ್ ಇಳಿಸಿ. ಆ ದೇವರುಗಳು ಹಿಟ್ಟೈಟರ ಕಡೆಯವರಲ್ಲ, ಎದುರು ಪಕ್ಷದವರು. ಹಿಟ್ಟೈಟ್ ಮಹಾರಾಜ ಸುಪ್ಪಿಲುಲಿಯುಮ ಪಕ್ಕದ ಮಿತನ್ನಿ ರಾಜ್ಯದ ಶತ್ತಿವಜನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಎರಡೂ ಕಡೆಯ ದೇವರುಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಮಿತನ್ನಿ ಕಡೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರು ಬರುತ್ತದೆ, ಅದೂ ಮಳೆ-ಸಿಡಿಲಿನ ದೇವರ ಹಲವು ರೂಪಗಳು ಬಂದುಹೋದ ಮೇಲೆ. ಆಣೆ ಇಡುವವನು ತಾನು ನಂಬಿದ ದೇವರ ಮೇಲೇ ಇಡಬೇಕು. ಬೇರೆಯವರ ದೇವರ ಮೇಲಿಟ್ಟರೆ ಅವನಿಗೆ ಭಯವೇ ಇರುವುದಿಲ್ಲವಲ್ಲ. ಆ ಹೆಸರುಗಳು ಅಲ್ಲಿ ಬಂದಿರುವುದು ಆ ಕಾರಣಕ್ಕೆ. ‘ಇಂದ್ರನ ಮೇಲೆ ಆಣೆ ಇಟ್ಟ ಮಿತನ್ನಿ ರಾಜ’ ಎಂದು ಹಾಕಿ. ಜನ ಬಂದೇ ಬರುತ್ತಾರೆ, ಸುಳ್ಳೂ ಆಗುವುದಿಲ್ಲ.

ಇನ್ನು ‘ಪಾಳೆಗಾರ’. ಬೇಡ. ಪಾಳೆಪಟ್ಟು ಎಂಬುದರಲ್ಲಿ ಪಡೆ ಸಾಕುವ ಷರತ್ತಿನ ಮೇಲೆ ಮೇಲಿನವರು ಬಿಟ್ಟುಕೊಟ್ಟ ಸೀಮೆ ಎಂಬ ಭಾವನೆ ಇದೆ. ಹಿಟ್ಟೈಟರು ಸಾಮಾನ್ಯವಾಗಿ ಹಾಗೆ ಮಾಡಲಿಲ್ಲ. ಗೆದ್ದ ಊರಿನ ಹಳೆಯ ರಾಜಮನೆತನವನ್ನೇ ಸಿಂಹಾಸನದಲ್ಲಿ ಬಿಟ್ಟು ಆಣೆಯಿಂದ ಕಟ್ಟಿಹಾಕುತ್ತಿದ್ದರು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ‘ಸಾಮಂತ’. ರಾಷ್ಟ್ರಕೂಟರ ಕೆಳಗಿದ್ದಾಗಲೂ ಗಂಗರು ಗಂಗರೇ, ಕುವಲಾಲಪುರವರೇಶ್ವರ (ಕೋಲಾರದ ಒಡೆಯ) ಎಂಬ ಬಿರುದೂ ಅವರದ್ದೇ. ಅಮೋಘವರ್ಷ ಮಗಳು ಚಂದ್ರಬ್ಬಲಬ್ಬೆಯನ್ನು ಬೂತುಗನಿಗೆ ಕೊಟ್ಟದ್ದು, ಮುಂದೆ ಮೂರನೇ ಕೃಷ್ಣನ ಸೋದರಿ ರೇವಕನಿಮ್ಮಡಿ ಎರಡನೇ ಬೂತುಗನ ಕೈಹಿಡಿದದ್ದು, ಇವನ್ನು ಓದಿದವರಿಗೆ ಹತ್ತುಸದ ಮದುವೆ ರಾಜಕೀಯ ಹೊಸದೆನಿಸುವುದಿಲ್ಲ.

ಆದರೆ ಎಲ್ಲರಿಗೂ ಒಂದೇ ಪದ ಹಚ್ಚಬೇಡಿ, ಮೂರು ದರ್ಜೆ ಇವೆ. ಸಿರಿಯಾ ಕಡೆಯ ಕಾರ್ಕೆಮಿಶ್, ಅಲೆಪ್ಪೊಗಳಲ್ಲಿ ಸುಪ್ಪಿಲುಲಿಯುಮ ತನ್ನ ಮಕ್ಕಳನ್ನೇ ಕೂರಿಸಿದ: ಪಿಯಸ್ಸಿಲಿ ಕಾರ್ಕೆಮಿಶ್‌ನಲ್ಲಿ, ತೆಲಿಪಿನು ಅಲೆಪ್ಪೊದಲ್ಲಿ. ಇವರು ಸಾಮಂತರಲ್ಲ, ಮನೆಯವರು. ಸಿರಿಯಾದ ಉಸ್ತುವಾರಿ ಕಾರ್ಕೆಮಿಶ್ ದೊರೆಯ ಕೈಯಲ್ಲಿತ್ತು. ಎರಡನೆಯ ದರ್ಜೆ ಕಿಝ್ಝುವತ್ನ, ಮಿತನ್ನಿಯಂಥವು. ಹಿಂದೆ ತಾವೇ ದೊಡ್ಡವರಾಗಿದ್ದವರು, ಕುಯಿರ್ವನ ಎಂಬ ಮರ್ಯಾದೆಯ ಸ್ಥಾನ. ಇವರನ್ನು ‘ಮಾಂಡಲಿಕ’ ಎನ್ನಿ. ಮೂರನೆಯದು ಉಗರಿತ್, ಅಮುರ್ರು, ನುಹಶ್ಶೆ, ಪಶ್ಚಿಮದ ಅರ್ಝವ ನಾಡುಗಳು, ವಿಲುಸ. ಇವರೇ ‘ಸಾಮಂತ’ರು. ಮಹಾರಾಜನಿಗೆ ಪತ್ರ ಬರೆಯುವಾಗ ಇವರು ತಮ್ಮನ್ನು ‘ನಿನ್ನ ಸೇವಕ’ ಎನ್ನಬೇಕು, ಅವನನ್ನು ‘ಸೂರ್ಯ’ ಎನ್ನಬೇಕು. ನಿಮ್ಮ ಆಟದಲ್ಲಿ ಯಾರಾದರೂ ‘ಸಹೋದರ’ ಎಂದು ಶುರುಮಾಡಿದರೆ ಲಿಪಿಕಾರ ಅಲ್ಲೇ ತಡೆಯಲಿ. ಆ ಪದ ಈಜಿಪ್ಟ್, ಬ್ಯಾಬಿಲೋನ್ ರಾಜರಿಗೆ ಮೀಸಲು.

ಇನ್ನೊಂದು ಮಾತು, ನನಗೆ ಮುಖ್ಯ ಅನ್ನಿಸಿದ್ದು. ‘ಒಪ್ಪಂದ’ ಎಂದರೆ ನಮಗೆ ಇಬ್ಬರೂ ಸಹಿ ಹಾಕಿದ ಕಾಗದ ಕಣ್ಣಿಗೆ ಕಟ್ಟುತ್ತದೆ. ಹಿಟ್ಟೈಟರು ಇದಕ್ಕೆ ಎರಡು ಪದ ಬಳಸುತ್ತಾರೆ: ಇಷ್ಹಿಯುಲ್ ಮತ್ತು ಲಿಂಗಾಯ್. ಮೊದಲನೆಯದರ ಧಾತು ‘ಕಟ್ಟು’, ಎರಡನೆಯದು ‘ಆಣೆ’. ಕನ್ನಡದ ‘ಕಟ್ಟುಪಾಡು’ ಮೊದಲನೆಯದಕ್ಕೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಮಹಾರಾಜ ಕಟ್ಟುಪಾಡು ಹಾಕುತ್ತಾನೆ, ಸಾಮಂತ ಆಣೆ ಇಡುತ್ತಾನೆ. ನಾಡು ನಾಡಿಗೆ ಕಟ್ಟಿದ್ದಲ್ಲ, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಗೆ ಕಟ್ಟಿದ್ದು. ಅದಕ್ಕೇ ಉತ್ತರದ ಕಸ್ಕ ಜನರ ಜೊತೆ ಈ ಯಂತ್ರ ಕೆಲಸ ಮಾಡಲಿಲ್ಲ. ಅವರಲ್ಲಿ ರಾಜನೇ ಇರಲಿಲ್ಲ, ಗುಂಪುಗುಂಪಾಗಿ ಹೆಸರು ಬರೆದು ಆಣೆ ಇಡಿಸಬೇಕಾಗುತ್ತಿತ್ತು. ಪಿಹ್ಹುನಿಯ ಎಂಬೊಬ್ಬ ಕಸ್ಕರ ವಾಡಿಕೆ ಬಿಟ್ಟು ರಾಜನ ಹಾಗೆ ಆಳತೊಡಗಿದ ಎಂದು ಹಿಟ್ಟೈಟ್ ಮಹಾರಾಜ ಎರಡನೇ ಮುರ್ಸಿಲಿ ತನ್ನ ವಾರ್ಷಿಕ ದಾಖಲೆಯಲ್ಲಿ ಆಶ್ಚರ್ಯದಿಂದಲೇ ಬರೆಸಿದ್ದಾನೆ.

---

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಕಲಮುಗಳ ಕ್ರಮ: ಹೆಸರು-ಬಿರುದು, ಹಿಂದಿನ ಕಥೆ, ಕಟ್ಟುಪಾಡುಗಳು, ಫಲಕ (ಒಪ್ಪಂದ ಬರೆದ ಜೇಡಿಮಣ್ಣಿನ ಅಥವಾ ಲೋಹದ ಹಲಗೆ) ಎಲ್ಲಿಡಬೇಕು ಮತ್ತು ಎಷ್ಟು ಸಲ ಓದಬೇಕು, ಸಾಕ್ಷಿ ದೇವರುಗಳು, ಶಾಪ ಮತ್ತು ವರ. ಎಲ್ಲ ಒಪ್ಪಂದದಲ್ಲೂ ಇಷ್ಟೂ ಇರುವುದಿಲ್ಲ, ಕೆಲವದರಲ್ಲಿ ಹಿಂದುಮುಂದೂ ಆಗುತ್ತದೆ. ಆಟಕ್ಕೆ ಇದೇ ಕ್ರಮ ಇಟ್ಟುಕೊಳ್ಳಿ.

ಹೊಸಬರು ಕೆಡಿಸುವುದು ಎರಡನೆಯ ಭಾಗವನ್ನು, ‘ಹಿಂದಿನ ಕಥೆ’ಯನ್ನು. ಅದನ್ನು ಪೀಠಿಕೆ ಎಂದುಕೊಂಡು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಒಪ್ಪಂದದ ಬೆನ್ನೆಲುಬೇ ಅದು. ಸಾಮಂತ ಯಾಕೆ ವಿಧೇಯನಾಗಿರಬೇಕು ಎಂಬುದಕ್ಕೆ ಕೊಡುವ ಕಾರಣವೆಲ್ಲ ಅಲ್ಲೇ ಇರುತ್ತದೆ: ನಿನ್ನ ತಾತನಿಗೆ ನಮ್ಮ ಅಜ್ಜ ಏನು ಮಾಡಿದ, ನಿನ್ನಪ್ಪ ಹೇಗಿದ್ದ, ನಿನಗೆ ಏನು ಸಿಕ್ಕಿತು. ಮುರ್ಸಿಲಿ ಅಮುರ್ರುವಿನ ದುಪ್ಪಿ-ತೆಶುಬ್‌ಗೆ ಹೇಳುವುದನ್ನು ನೋಡಿ: ನಿನಗೆ ಕಾಯಿಲೆಯಿದ್ದರೂ ನಿನ್ನ ತಂದೆಯ ಜಾಗದಲ್ಲಿ ನಿನ್ನನ್ನೇ ಕೂರಿಸಿದೆ, ನಿನ್ನ ಅಣ್ಣತಮ್ಮಂದಿರಿಂದಲೂ ನಾಡಿನಿಂದಲೂ ನಿನಗೆ ಆಣೆ ಇಡಿಸಿದೆ. ಶತ್ತಿವಜನ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ. ಓಡಿಬಂದಾಗ ಅವನ ಬಳಿ ಮೂರು ರಥ, ನಾಲ್ಕು ಜನ, ಮೈಮೇಲಿನ ಒಂದು ಜೊತೆ ಬಟ್ಟೆ ಬಿಟ್ಟು ಇನ್ನೇನೂ ಇರಲಿಲ್ಲ ಎಂಬುದನ್ನೂ ಬರೆಸಿಟ್ಟಿದ್ದಾರೆ. ಒಪ್ಪಂದ ಓದಿದಾಗಲೆಲ್ಲ ಅದು ಅವನ ಕಿವಿಗೆ ಬೀಳಬೇಕು! ಋಣವನ್ನು ಹೀಗೆ ಎಣಿಸಿ ಹೇಳುವುದು ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿ ಕೂತವರಿಗೂ ಗೊತ್ತಿರುವ ವಿದ್ಯೆಯೇ.

ನಿಮ್ಮ ಕರಡಿಗೆ ಒಂದು ಮಾದರಿ, ಇದು ನಾನೇ ಕಟ್ಟಿದ್ದು, ಯಾವ ಫಲಕದ ಅನುವಾದವೂ ಅಲ್ಲ (‘ಹತ್ತಿ’ ಎಂದರೆ ಹಿಟ್ಟೈಟರ ನಾಡು):

‘ಸೂರ್ಯನಾದ ನಾನು, ಹತ್ತಿ ನಾಡಿನ ಮಹಾರಾಜ, ವೀರ, ಹೇಳುವುದೇನೆಂದರೆ: ನಿನ್ನ ತಾತ ಬಾಗಿಲು ಬಡಿದಾಗ ನನ್ನ ತಂದೆ ಹಿಂದಟ್ಟಲಿಲ್ಲ. ನಿನ್ನ ತಂದೆ ಬದುಕಿರುವವರೆಗೂ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ. ನೀನೂ ಹೊರಳಿಸಬೇಡ.’

ಕ್ರಿಯಾಪದಗಳು ಗಟ್ಟಿಯಾಗಿರಲಿ, ವಿಶೇಷಣ ಕಡಿಮೆ ಇರಲಿ. ‘ಮಾಡತಕ್ಕದ್ದು’ ಎಂಬ ಸರ್ಕಾರಿ ಸುತ್ತೋಲೆಯ ಕನ್ನಡ ಬೇಡ. ‘ಮಾಡು’, ‘ಮಾಡಬೇಡ’ ಸಾಕು. ಮೂಲದಲ್ಲೂ ‘ನೀನು’ ಎಂದೇ ನೇರ ಮಾತು.

ಕಟ್ಟುಪಾಡುಗಳಲ್ಲಿ ಇವು ಬಿಟ್ಟುಹೋಗದಿರಲಿ. ಮಹಾರಾಜನ ಶತ್ರು ನಿನಗೂ ಶತ್ರು, ಮಿತ್ರ ನಿನಗೂ ಮಿತ್ರ. ಹೊರಗಿನ ರಾಜರ ಜೊತೆ ನಿನ್ನದೇ ವ್ಯವಹಾರ ಇಲ್ಲ. ದಂಡಯಾತ್ರೆಗೆ ಕರೆದರೆ ಕಾಲಾಳು, ರಥ ಸಮೇತ ಬರಬೇಕು. ವಿಲುಸದ ಅಲಕ್ಸಂದುವಿನ ಒಪ್ಪಂದದಲ್ಲಿ ಇದನ್ನು ಎರಡು ಪಟ್ಟಿಯಾಗಿ ಬರೆದಿದ್ದಾರೆ: ಹತ್ತಿರದ ಯುದ್ಧ, ಅಂದರೆ ಕರ್ಕಿಸ, ಮಾಸ, ಲುಕ್ಕ, ವರ್ಸಿಯಲ್ಲ, ದೂರದ ಯುದ್ಧ, ಅಂದರೆ ಈಜಿಪ್ಟ್, ಬ್ಯಾಬಿಲೋನ್, ಹನಿಗಲ್ಬತ್ (ಮಿತನ್ನಿಯ ಇನ್ನೊಂದು ಹೆಸರು), ಅಸ್ಸೀರಿಯದಂಥ ಸಮಬಲದ ರಾಜರ ಮೇಲಿನದು. ದಂಗೆಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಿಳಿಸಬೇಕು. ‘ಏನಾಗುತ್ತದೋ ನೋಡೋಣ’ ಎಂದು ಸುಮ್ಮನಿರುವುದೂ ಆಣೆ ಮುರಿದಂತೆ.

ಓಡಿಹೋದವರ ಕಲಮು ಆಟದಲ್ಲಿ ಒಳ್ಳೆಯ ಜಗಳ ಹುಟ್ಟಿಸುತ್ತದೆ, ಅದಕ್ಕೆ ಹೆಚ್ಚು ಸಮಯ ಕೊಡಿ. ಹತ್ತಿಯಿಂದ ಸಾಮಂತನ ನಾಡಿಗೆ ಓಡಿಬಂದವನನ್ನು ಹಿಡಿದು ಕಳಿಸಲೇಬೇಕು. ಸಾಮಂತನ ನಾಡಿನಿಂದ ಹತ್ತಿಗೆ ಓಡಿದವನನ್ನು ಮಹಾರಾಜ ವಾಪಸ್ ಕೊಡಬೇಕಾಗಿಲ್ಲ. ಪಶ್ಚಿಮದ ಒಪ್ಪಂದಗಳಲ್ಲಿ ಇದಕ್ಕೊಂದು ವಿನಾಯಿತಿ ಇದೆ: ಓಡಿಬಂದವನು ಉಳುವವನೋ, ನೇಯುವವನೋ, ಬಡಗಿಯೋ, ಚರ್ಮದ ಕೆಲಸದವನೋ ಆಗಿದ್ದು, ಮಾಡಬೇಕಾದ ಕೆಲಸ ಬಿಟ್ಟು ಬಂದಿದ್ದರೆ ಹಿಡಿದು ಕೊಡುತ್ತೇನೆ ಎಂಬುದು. ಯಾಕೆ ಇಷ್ಟೊಂದು ತಲೆಬಿಸಿ ಎಂದರೆ ಆ ಒಣ ಪ್ರಸ್ಥಭೂಮಿಯಲ್ಲಿ ಕೊರತೆ ಇದ್ದದ್ದು ನೆಲಕ್ಕಲ್ಲ, ಕೈಗಳಿಗೆ. ಅರ್ಝವ ದಂಡಯಾತ್ರೆಯಲ್ಲಿ ಅರಿನ್ನಂದ ಬೆಟ್ಟದಿಂದ ಇಳಿಸಿ ತನ್ನ ಅರಮನೆಗೆ ಸಾಗಿಸಿದ ಜನ 15,500 ಎಂದು ಮುರ್ಸಿಲಿ ಲೆಕ್ಕ ಕೊಡುತ್ತಾನೆ.

ಓದುವ ಕಲಮು: ಅಲಕ್ಸಂದುವಿನ ಮುಂದೆ ಫಲಕವನ್ನು ವರ್ಷಕ್ಕೆ ಮೂರು ಸಲ ಓದಬೇಕು. ಅಂದರೆ ಅವನು ಓದಿಕೊಳ್ಳುವುದಲ್ಲ, ಅವನಿಗೆ ಕೇಳಿಸುವುದು. ಸಿರಿಯಾ ಕಡೆಯ ಒಪ್ಪಂದಗಳು ಅಕ್ಕಾಡಿಯನ್‌ನಲ್ಲಿ, ಪಶ್ಚಿಮದವು ಹಿಟ್ಟೈಟ್ ಭಾಷೆಯಲ್ಲಿ; ದುಪ್ಪಿ-ತೆಶುಬ್‌ನದ್ದು ಎರಡರಲ್ಲೂ ಸಿಕ್ಕಿದೆ.

ಶಾಪ ಸರಳ: ಆಣೆಯ ದೇವರುಗಳು ನಿನ್ನನ್ನು, ಹೆಂಡತಿ, ಮಗ, ಮೊಮ್ಮಗ, ಮನೆ, ಊರು, ನಾಡು, ಸೊತ್ತು ಸಮೇತ ನಾಶಮಾಡಲಿ. ಪಾಲಿಸಿದರೆ ಅದೇ ಪಟ್ಟಿಯನ್ನೇ ಕಾಪಾಡಲಿ. ನಮ್ಮ ದಾನಶಾಸನಗಳ ತುದಿಯಲ್ಲಿ ಬರುವ ವಾರಣಾಸಿಯ ಸಾವಿರ ಕವಿಲೆಯ ಪಾಪವನ್ನು ಇದಕ್ಕೆ ಅಂಟಿಸಬೇಡಿ. ಅದು ಮುಂದೆ ಯಾವಾಗಲೋ ಬಂದು ಅಳಿಪುವ ಯಾರಿಗೋ ಹಾಕಿದ್ದು. ಇದು ಎದುರಿಗೆ ನಿಂತವನ ಹೆಸರು ಹಿಡಿದು ಹಾಕಿದ್ದು.

---

ತಕ್ಕಡಿ_ಕಲ್ಲು (ಕೆಜಿಎಫ್)

620 ತಪ್ಪು. ಹಿಟ್ಟೈಟ್ ಮೀನಾಕ್ಕೆ 40 ಶೆಕೆಲ್. 12 × 40 = 480, ಮೇಲೆ 20, ಒಟ್ಟು 500. ಸಂಖ್ಯೆ ಗುಂಡಾಗಿ ಬಂದದ್ದೇ ಲೆಕ್ಕ ಸರಿ ಎಂಬುದಕ್ಕೆ ಗುರುತು. ಕಪ್ಪ ನಿಗದಿ ಮಾಡುವವರು 620ಕ್ಕೆ ನಿಲ್ಲಿಸುವುದಿಲ್ಲ. 50ರ ಮೀನಾ ಉಗರಿತ್ ಕಡೆಯದು, 60ರದ್ದು ಮೆಸೊಪೊಟೇಮಿಯದ್ದು. ಯಾರ ಮೀನಾ ಎಂದು ಕೇಳದೆ ಗುಣಿಸಿದರೆ ಪ್ರತಿ ಸಲ ಎಡವುತ್ತೀರಿ.

ಈ ಗೊಂದಲ ಆ ಕಾಲದಲ್ಲೂ ಇದ್ದದ್ದಕ್ಕೆ ಒಪ್ಪಂದದಲ್ಲೇ ಸಾಕ್ಷಿ ಇದೆ. ಅಮುರ್ರುವಿನ ಕಪ್ಪ 300 ಶೆಕೆಲ್, ಪುಟವಿಟ್ಟ ಮೊದಲ ದರ್ಜೆಯ ಚಿನ್ನ, ‘ಹತ್ತಿಯ ವರ್ತಕರ ತೂಕದ ಕಲ್ಲಿನಿಂದ ತೂಗಬೇಕು’ ಎಂದು ಬರೆದಿದೆ. ಅಲ್ಲಿನ ಹಿಂದಿನ ದೊರೆ ಅಜಿರು ಕೊಡುತ್ತಿದ್ದಷ್ಟನ್ನೇ ಮೊಮ್ಮಗ ದುಪ್ಪಿ-ತೆಶುಬ್ ಕೂಡ ಕೊಡಬೇಕು. ಕೋಲಾರ ಸೀಮೆಯವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ: ಚಿನ್ನದಲ್ಲಿ ಮೋಸ ನಡೆಯುವುದು ಎರಡೇ ಕಡೆ, ಕಲ್ಲಿನಲ್ಲಿ ಮತ್ತು ಬೆರಕೆಯಲ್ಲಿ. ಒಂದೇ ವಾಕ್ಯದಲ್ಲಿ ಎರಡಕ್ಕೂ ಬೀಗ ಹಾಕಿದ್ದಾರೆ.

ಗ್ರಾಂ ಲೆಕ್ಕ ಬೇಕಿದ್ದರೆ, ಉಗರಿತ್ ಶೆಕೆಲ್ ಸುಮಾರು 9.4 ಗ್ರಾಂ. ಆ ಲೆಕ್ಕಕ್ಕೆ 300 ಶೆಕೆಲ್ ಎಂದರೆ 2.8 ಕಿಲೋ ಚಿಲ್ಲರೆ. ಆದರೆ ತೂಗುವುದು ಹತ್ತಿಯ ಕಲ್ಲಿನಿಂದ. ಉಗರಿತ್‌ನದ್ದಂತೂ ‘ದೊಡ್ಡ ಶೆಕೆಲ್’ ಎಂದೇ ಬರೆದಿದೆ. ಆದ್ದರಿಂದ ಪೋಸ್ಟರ್‌ನಲ್ಲಿ ಕಿಲೋ ಹಾಕಬೇಡಿ, ಶೆಕೆಲ್ ಎಂದೇ ಇರಲಿ.

ಉಗರಿತ್‌ನ ನಿಖ್ಮದ್ದು ಕೊಡಬೇಕಾದದ್ದು ಚಿನ್ನ ಮಾತ್ರವಲ್ಲ. ಒಂದು ಮೀನಾ ತೂಕದ ಚಿನ್ನದ ಬಟ್ಟಲು, ನಾರುಬಟ್ಟೆಗಳು, 500 ಶೆಕೆಲ್ ನೀಲಿ-ನೇರಳೆ ಉಣ್ಣೆ, 500 ಶೆಕೆಲ್ ಕೆಂಪು-ನೇರಳೆ ಉಣ್ಣೆ. ಇದು ಮಹಾರಾಜನಿಗೆ. ರಾಣಿಗೆ ಬೇರೆ, ಯುವರಾಜನಿಗೆ ಬೇರೆ, ದೊಡ್ಡ ಅಧಿಕಾರಿಗಳಿಗೆ ದರ್ಜೆವಾರು ಬೇರೆ. ರಾಣಿಯ ಬಟ್ಟಲು 30 ಶೆಕೆಲ್ ಮಾತ್ರ. ಆ ನೇರಳೆ ಬಣ್ಣ ಕಡಲ ಶಂಖದ ಹುಳುವಿನದ್ದು. ಕರಾವಳಿಯ ಉಗರಿತ್‌ಗೆ ಸಹಜ, ಒಳನಾಡಿನ ಹತ್ತುಸಕ್ಕೆ ಕೈಗೆಟಕದ್ದು. ನಿಮ್ಮ ಆಟದಲ್ಲಿ ಅಧಿಕಾರಿಗಳ ಪಾಲು ಮರೆಯುವ ಉಗರಿತ್ ದೊರೆಗೆ ಅರಮನೆಯೊಳಗೆ ಯಾರೂ ಬಾಗಿಲು ತೆಗೆಯದಿರಲಿ.

ಕಪ್ಪ ಶಿಲೆಯಲ್ಲಿ ಕೆತ್ತಿದ್ದಲ್ಲ, ಬದಲಾಗುತ್ತಿತ್ತು. ಉಗರಿತ್ ಎಡವಿದಾಗ ಮುರ್ಸಿಲಿ ಅದರ ಕೈಕೆಳಗಿದ್ದ ಸಿಯನ್ನುವನ್ನು ಕತ್ತರಿಸಿ ಕಾರ್ಕೆಮಿಶ್‌ಗೆ ಒಪ್ಪಿಸಿದ. ನೆಲ ಹೋಯಿತು, ಆದಾಯ ಹೋಯಿತು ಎಂದು ಉಗರಿತ್ ದೊರೆ ನಿಖ್ಮೆಪ ಅಹವಾಲು ಕೊಟ್ಟ ಮೇಲೆ ಕಪ್ಪ ಇಳಿಸಿದ. ಹಣ ಕೊಟ್ಟು ಸೈನ್ಯ ತಪ್ಪಿಸಿಕೊಂಡದ್ದೂ ಉಂಟು: ನಾಲ್ಕನೇ ತುಧಲಿಯನ ಕಾಲದಲ್ಲಿ ಅಸ್ಸೀರಿಯದ ಮೇಲಿನ ಯುದ್ಧ ಮುಗಿಯುವವರೆಗೆ ಉಗರಿತ್‌ನ ಕಾಲಾಳು, ರಥ ಬರಬೇಕಿಲ್ಲ, ಬದಲಿಗೆ 50 ಮೀನಾ ಚಿನ್ನ.

---

ಕಲ್ಪತರು_ಓದು (ತುಮಕೂರು)

ಪೋಸ್ಟರ್ ಬದಲಾಯಿತು, ‘ಸಾಮಂತ’ ಆಯಿತು, 500 ಆಯಿತು. ‘ಕಟ್ಟುಪಾಡು-ಆಣೆ’ ಎಂಬುದನ್ನೇ ಆಟದ ಹೆಸರು ಮಾಡಿದ್ದೇವೆ.

ಮುರಿಸುವುದು ಹೇಗೆ ಎಂಬುದು ಉಳಿದಿದೆ. ಅಮುರ್ರು ದೊರೆ ಸುಮ್ಮನೆ ‘ನಾನು ಈಜಿಪ್ಟ್ ಕಡೆ’ ಎಂದರೆ ಚಪ್ಪೆಯಾಗುತ್ತದೆ.

---

ಶಿರಾ_ಗಾಳಿ (ಶಿರಾ)

ಚಪ್ಪೆಯಾಗುವುದು ನೀವು ಅವನನ್ನು ದ್ರೋಹಿ ಮಾಡಿದರೆ. ನಕಾಶೆ ಮುಂದಿಟ್ಟುಕೊಂಡು ಆಡಿಸಿ. ಅಮುರ್ರು ಈಜಿಪ್ಟ್ ಮತ್ತು ಹತ್ತಿಯ ಗಡಿಯಲ್ಲಿದೆ. ಅಜಿರು ಮೊದಲು ಈಜಿಪ್ಟಿನ ಆಳು, ಆಮೇಲೆ ಸುಪ್ಪಿಲುಲಿಯುಮನ ಕಡೆ ಬಂದ. ಮೊಮ್ಮಗನ ಒಪ್ಪಂದದಲ್ಲಿ ‘ನಿನ್ನ ಹಿರಿಯರು ಈಜಿಪ್ಟಿಗೆ ಕಪ್ಪ ಕೊಡುತ್ತಿದ್ದರು, ನೀನು ಕೊಡಬೇಡ’ ಎಂದು ಬಾಯಿಬಿಟ್ಟೇ ಹೇಳಿದ್ದಾರೆ. ಈಜಿಪ್ಟಿನ ಸೈನ್ಯ ಬಾಗಿಲಿಗೆ ಬಂದಾಗ ಅಮುರ್ರುವಿನ ಮುಂದಿನ ದೊರೆ ಬೆಂತೆಶಿನ ಏನು ಮಾಡಬೇಕಿತ್ತು? ಹತ್ತುಸದಿಂದ ನೆರವು ಬರಲು ವಾರಗಳು ಬೇಕು. ‘ನಾವು ಇಷ್ಟಪಟ್ಟು ಆಳಾಗಿದ್ದೆವು, ಇನ್ನು ನಿಮ್ಮ ಆಳುಗಳಲ್ಲ’ ಎಂಬ ಅರ್ಥದ ಮಾತು ಅಮುರ್ರುವಿನವರ ಬಾಯಲ್ಲಿ ದಾಖಲಾಗಿದೆ. ಕ್ರಿ.ಪೂ. 1274ರ ಕಾದೇಶ್ ಕದನಕ್ಕೆ ಅಮುರ್ರು ಕೈತಪ್ಪಿದ್ದು ದೊಡ್ಡ ಕಾರಣ. ಕದನದ ನಂತರ ಹಿಟ್ಟೈಟ್ ಮಹಾರಾಜ ಮುವತಲ್ಲಿ ಬೆಂತೆಶಿನನನ್ನು ಇಳಿಸಿ ಶಪಿಲಿಯನ್ನು ಕೂರಿಸಿದ.

ಆಟದ ರುಚಿ ಇಲ್ಲಿಂದ ಮುಂದೆ. ಬೆಂತೆಶಿನನ ತಲೆ ತೆಗೆಯಲಿಲ್ಲ. ಮುವತಲ್ಲಿಯ ತಮ್ಮ ಹತ್ತುಸಿಲಿ ಅವನನ್ನು ಕೇಳಿ ಪಡೆದು ತನ್ನ ಬಳಿ ಹಕ್ಪಿಸ್‌ನಲ್ಲಿ ಇಟ್ಟುಕೊಂಡ. ಮುಂದೆ ಈ ಹತ್ತುಸಿಲಿಯೇ ಅಣ್ಣನ ಮಗ ಉರ್ಹಿ-ತೆಶುಬ್‌ನನ್ನು ಇಳಿಸಿ ಪಟ್ಟಕ್ಕೆ ಬಂದ. ಬೆಂತೆಶಿನ ಅಮುರ್ರುವಿಗೆ ವಾಪಸ್. ಜೊತೆಗೆ ಮಹಾರಾಜನ ಮಗಳು ಗಸ್ಸುಲವಿಯ ಬೆಂತೆಶಿನನಿಗೆ, ಬೆಂತೆಶಿನನ ಮಗಳು ಮಹಾರಾಜನ ಮಗ ನೆರಿಕ್ಕೈಲಿಗೆ. ಒಪ್ಪಂದ ಮುರಿದವನು ಬೀಗನಾಗಿ ಬಂದ. ‘ಮುರಿದರೆ ಶಿಕ್ಷೆ’ ಎಂಬ ನೇರ ಗೆರೆ ಎಳೆದರೆ ಆಟ ಸುಳ್ಳಾಗುತ್ತದೆ. ಗಡಿನಾಡನ್ನು ಬಲ್ಲ ಅನುಭವಿಯನ್ನು ಬಿಸಾಡುವಷ್ಟು ಹತ್ತುಸಿಲಿ ದಡ್ಡನಲ್ಲ.

ಆವನಿಯವರು ‘ಮನುಷ್ಯನನ್ನು ಮನುಷ್ಯನಿಗೆ ಕಟ್ಟಿದ್ದು’ ಎಂದರಲ್ಲ, ಆ ಗಂಟು ಬಿಚ್ಚುವ ಜಾಗ ಮಸ್ತುರಿಯ ಪ್ರಕರಣ. ಪಶ್ಚಿಮದ ಸೇಹಾ ನದಿ ನಾಡಿನ ದೊರೆ ಮಸ್ತುರಿಗೆ ಮುವತಲ್ಲಿ ತನ್ನ ಸೋದರಿಯನ್ನು ಕೊಟ್ಟಿದ್ದ. ಆಣೆ ಇದ್ದದ್ದು ಮುವತಲ್ಲಿಗೆ ಮತ್ತು ಅವನ ಮಗನಿಗೆ. ಹತ್ತುಸಿಲಿ ದಂಗೆಯೆದ್ದಾಗ ಮಸ್ತುರಿ ಹತ್ತುಸಿಲಿಯ ಕಡೆ ನಿಂತ: ಉಪರಾಣಿಯ ಮಗನನ್ನು ನಾನೇಕೆ ಕಾಪಾಡಲಿ ಎಂದ. ಗೆದ್ದವನಿಗೆ ಇದು ಲಾಭವೇ. ಆದರೆ ಗೆದ್ದವನ ಮಗ ತುಧಲಿಯ ಮುಂದೆ ಅಮುರ್ರುವಿನ ಶೌಷ್ಗಮುವನಿಗೆ ಆಣೆ ಇಡಿಸುವಾಗ ಏನೆನ್ನುತ್ತಾನೆ? ‘ಮಸ್ತುರಿಯ ಹಾಗೆ ನಡೆದುಕೊಳ್ಳಬೇಡ.’ ತನ್ನಪ್ಪನಿಗೆ ಪಟ್ಟ ಸಿಗಲು ನೆರವಾದವನನ್ನೇ ಕೆಟ್ಟ ಮಾದರಿಯಾಗಿ ತೋರಿಸಬೇಕಾದ ಇಕ್ಕಟ್ಟು! ಆಟದಲ್ಲಿ ಮಹಾರಾಜನ ಪಾತ್ರಧಾರಿಯ ಬಾಯಲ್ಲಿ ಈ ಸಾಲು ಹೇಳಿಸಿ, ಆಮೇಲೆ ಸಾಮಂತರು ಅವನನ್ನು ಪ್ರಶ್ನೆ ಕೇಳಲಿ.

ಮದುವೆಯ ಕೊಂಡಿಯೂ ಕೈಕೊಡುತ್ತಿತ್ತು. ಇದೇ ಮಸ್ತುರಿಯ ಹೆಂಡತಿಗೆ ಮಕ್ಕಳಿರಲಿಲ್ಲ. ಹಿಟ್ಟೈಟ್ ರಕ್ತದ ವಾರಸುದಾರ ಬೇಕೆಂದು ಹತ್ತುಸಿಲಿ ಈಜಿಪ್ಟಿನ ರಾಮ್ಸೆಸ್‌ಗೆ ವೈದ್ಯರನ್ನು ಕಳಿಸು ಎಂದು ಬರೆದ. ರಾಮ್ಸೆಸ್ ಉತ್ತರ: ನಿನ್ನ ಅಕ್ಕನಿಗೆ ಐವತ್ತಲ್ಲ, ಅರವತ್ತು, ಆ ವಯಸ್ಸಿಗೆ ಮದ್ದಿಲ್ಲ. ಹಾಗೆಂದು ವೈದ್ಯನನ್ನೂ ಮಂತ್ರವಾದಿಯನ್ನೂ ಕಳಿಸುವ ಮಾತಂತೂ ಕೊಟ್ಟ.

---

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

@ಶಿರಾ_ಗಾಳಿ, @ಆವನಿ_ಬಂಡೆ: ‘ಮನುಷ್ಯನಿಗೆ ಮನುಷ್ಯ’ ಎಂಬುದನ್ನು ಇಷ್ಟು ಬಿಗಿಯಾಗಿ ಹಿಡಿಯುವುದು ಸರಿಯೇ? ಒಪ್ಪಂದಗಳಲ್ಲಿ ‘ನೀನು, ನಿನ್ನ ಮಗ, ಮೊಮ್ಮಗ ನನ್ನ ಮಗ, ಮೊಮ್ಮಗನನ್ನು ಕಾಪಾಡಬೇಕು’ ಎಂದು ಮುಂದಿನ ತಲೆಮಾರನ್ನೂ ಸೇರಿಸಿದ್ದಾರಲ್ಲ. ಕಪ್ಪವೂ 300 ಶೆಕೆಲ್ ಎಂದೇ ತಾತನಿಂದ ಮೊಮ್ಮಗನಿಗೆ ಇಳಿದಿದೆ. ಸಂಸ್ಥೆಯ ಗುಣ ಇದ್ದೇ ಇತ್ತು.

---

ಆವನಿ_ಬಂಡೆ (ಕೋಲಾರ)

ಆಸೆ ಇತ್ತು, ಹೌದು. ನಡೆಯಲಿಲ್ಲ. ಮೊಮ್ಮಗನ ಹೆಸರು ಬರೆದಿದ್ದರೂ ಅಮುರ್ರುವಿನಲ್ಲಿ ದೊರೆ ಬದಲಾದಾಗ ಹೊಸ ಫಲಕ ಬರೆಸಬೇಕಾಯಿತು: ಅಜಿರುವಿಗೆ ಒಂದು, ದುಪ್ಪಿ-ತೆಶುಬ್‌ಗೆ ಒಂದು, ಬೆಂತೆಶಿನನಿಗೆ ಒಂದು, ಶೌಷ್ಗಮುವನಿಗೆ ಒಂದು. ನಾಡು ಅದೇ, ಗಡಿ ಹೆಚ್ಚುಕಡಿಮೆ ಅದೇ. ತಾನಾಗಿ ಮುಂದುವರಿಯುವ ಹಾಗಿದ್ದರೆ ಇಷ್ಟು ಜೇಡಿಮಣ್ಣು ಖರ್ಚಾಗುತ್ತಿರಲಿಲ್ಲ. ಪಟ್ಟಕ್ಕೆ ಬಂದ ಹೊಸ ದೊರೆ ಮುಖ ತೋರಿಸಬೇಕು, ಇಲ್ಲದಿದ್ದರೆ ಹತ್ತುಸದಲ್ಲಿ ಅನುಮಾನ ಶುರು. ಉಗರಿತ್‌ನ ಇಬಿರಾನುವಿಗೆ ಬಂದ ಪತ್ರ ನೋಡಿ: ಪಟ್ಟವೇರಿದಾಗಿನಿಂದ ಸೂರ್ಯನ ಬಳಿಗೆ ಯಾಕೆ ಬಂದಿಲ್ಲ, ದೂತರನ್ನೂ ಯಾಕೆ ಕಳಿಸಿಲ್ಲ ಎಂದು ಹಿಟ್ಟೈಟ್ ರಾಜಕುಮಾರನೊಬ್ಬ ಗದರಿಸುತ್ತಾನೆ.

ಕಪ್ಪದ ವಿಷಯ ಒಪ್ಪುತ್ತೇನೆ. ಅದು ಸಂಸ್ಥೆಯ ಹಾಗೇ ನಡೆಯಿತು. ದುಡ್ಡಿಗೆ ನೆನಪು ಜಾಸ್ತಿ.

ಮದುವೆ ಕಲಮಿಗೆ ಒಂದು ಸೇರ್ಪಡೆ. ಹೆಣ್ಣು ಕೊಟ್ಟರೆ ಮುಗಿಯಲಿಲ್ಲ, ಅವಳ ಸ್ಥಾನವನ್ನು ಬರೆಸುತ್ತಿದ್ದರು. ಶತ್ತಿವಜ ಬೇರೆ ಹೆಂಗಸರನ್ನು ಕಟ್ಟಿಕೊಳ್ಳಬಹುದು, ಆದರೆ ಯಾರೂ ಸುಪ್ಪಿಲುಲಿಯುಮನ ಮಗಳಿಗಿಂತ ಮೇಲಲ್ಲ. ಹಯಸ ಎಂಬ ನಾಡಿನ ಹುಕ್ಕನನಿಗೆ ಸುಪ್ಪಿಲುಲಿಯುಮ ಸೋದರಿಯನ್ನು ಕೊಟ್ಟಾಗಿನ ಷರತ್ತು ಇನ್ನೂ ಖಾರ: ಹೆಂಡತಿಯ ಅಕ್ಕತಂಗಿಯರ ತಂಟೆಗೆ ಹೋಗಬೇಡ, ನಿಮ್ಮಲ್ಲಿ ನಡೆಯಬಹುದು, ಹತ್ತುಸದಲ್ಲಿ ಅದಕ್ಕೆ ಸಾವು. ಅರಮನೆಯ ಹೆಂಗಸಿನ ಕಡೆ ಕಣ್ಣುಹಾಯಿಸಿ ಸತ್ತ ಮರಿಯ ಎಂಬವನ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಗಂಡ ಹೆಂಡತಿಯನ್ನು ಬಿಟ್ಟರೂ ತೀರ್ಪು ಮೇಲಿನಿಂದಲೇ ಬರುತ್ತಿತ್ತು. ಉಗರಿತ್‌ನ ಅಮ್ಮಿಸ್ತಮ್ರು ಬೆಂತೆಶಿನನ ಮಗಳನ್ನು ಬಿಟ್ಟಾಗ ತುಧಲಿಯ ತೀರ್ಪು ಕೊಟ್ಟ: ಅವಳು ತಂದದ್ದನ್ನು ತೆಗೆದುಕೊಂಡು ಹೋಗಲಿ, ಯುವರಾಜ ಉತ್ರಿ-ಶರ್ರುಮ ಉಗರಿತ್‌ನಲ್ಲೇ ಉಳಿದರೆ ಪಟ್ಟ ಅವನಿಗೆ, ತಾಯಿಯ ಹಿಂದೆ ಹೋದರೆ ಪಟ್ಟ ಇನ್ನೊಬ್ಬ ಮಗನಿಗೆ.

---

ತಕ್ಕಡಿ_ಕಲ್ಲು (ಕೆಜಿಎಫ್)

ಎಲ್ಲರೂ ರಾಜರ ಹಿಂದೆಯೇ ಬಿದ್ದಿದ್ದೀರಿ. ಒಂದು ಪಾತ್ರವನ್ನು ಊರಾ ಪಟ್ಟಣದ ವರ್ತಕನಿಗೆ ಕೊಡಿ. ಮಹಾರಾಜನ ರಕ್ಷಣೆಯಲ್ಲಿದ್ದ ಈ ವರ್ತಕರು ಉಗರಿತ್‌ನಲ್ಲಿ ಸಾಲ ಕೊಟ್ಟು, ವಸೂಲಿಗೆ ಮನೆ-ಹೊಲ ಹಿಡಿಯತೊಡಗಿದಾಗ ನಿಖ್ಮೆಪ ದೂರು ಕೊಟ್ಟ. ಹತ್ತುಸಿಲಿಯ ಆಜ್ಞೆ ಹೀಗಿದೆ: ವರ್ತಕರು ಬೇಸಿಗೆಯಲ್ಲಿ ವ್ಯಾಪಾರ ಮಾಡಲಿ, ಚಳಿಗಾಲಕ್ಕೆ ತಮ್ಮ ಊರಿಗೆ ಹೊರಡಲಿ, ಉಗರಿತ್‌ನಲ್ಲಿ ಮನೆ, ಹೊಲ ಕೊಳ್ಳುವ ಹಾಗಿಲ್ಲ, ಸಾಲ ತೀರಿಸದವನನ್ನು ಹೆಂಡತಿ ಮಕ್ಕಳ ಸಮೇತ ವರ್ತಕರ ವಶಕ್ಕೆ ಕೊಡಬಹುದು, ನೆಲವನ್ನು ಮಾತ್ರ ಕೊಡುವಂತಿಲ್ಲ. ಸಾಲಗಾರನನ್ನು ಕಾಪಾಡಲು ಮಾಡಿದ್ದಲ್ಲ ಇದು. ಉಗರಿತ್ ದೊರೆಯ ತೆರಿಗೆ ನೆಲವನ್ನು ಕಾಪಾಡಲು, ಯಾಕೆಂದರೆ ಆ ನೆಲದಿಂದಲೇ ಹತ್ತುಸದ ಕಪ್ಪ ಬರಬೇಕು.

ವ್ಯಾಪಾರ ನಿಷೇಧವೂ ಇತ್ತು. ಶೌಷ್ಗಮುವನ ಒಪ್ಪಂದ: ನಿನ್ನ ವರ್ತಕ ಅಸ್ಸೀರಿಯಕ್ಕೆ ಹೋಗಬಾರದು, ಅಲ್ಲಿಯವನು ನಿನ್ನ ನಾಡಿಗೆ ಬರಬಾರದು. ಅದೇ ಫಲಕದಲ್ಲಿ ಸಮಬಲದ ರಾಜರ ಪಟ್ಟಿಗೆ ಪಶ್ಚಿಮದ ಅಹ್ಹಿಯವ ನಾಡಿನ ರಾಜನನ್ನೂ ಬರೆದು ಆಮೇಲೆ ಅಳಿಸಿದ್ದಾರೆ. ನಿಮ್ಮ ಲಿಪಿಕಾರನೂ ಒಂದು ಹೆಸರು ಬರೆದು, ಮಹಾರಾಜನ ಮುಖ ನೋಡಿ ಉಜ್ಜಿಬಿಡಲಿ.

---

ಕಲ್ಪತರು_ಓದು (ತುಮಕೂರು)

ವರ್ತಕನಿಗೆ ಇಬ್ಬರು ಈಗಾಗಲೇ ಕೈ ಎತ್ತಿದ್ದಾರೆ. ಕಡೆಯದೊಂದು: ಫಲಕವನ್ನು ರಟ್ಟಿನಲ್ಲಿ ಮಾಡುತ್ತಿದ್ದೇವೆ. ಅಳತೆ ಎಷ್ಟಿರಲಿ?

---

ಶಿರಾ_ಗಾಳಿ (ಶಿರಾ)

ಹತ್ತುಸದಲ್ಲಿ 1986ರಲ್ಲಿ ಸಿಕ್ಕ ಕಂಚಿನ ಫಲಕದ ಅಳತೆ ಇಟ್ಟುಕೊಳ್ಳಿ: 35 × 23.5 ಸೆಂ.ಮೀ. ಮೂಲದ ತೂಕ 5 ಕಿಲೋ, ಎರಡೂ ಬದಿ ಸೇರಿ 350ಕ್ಕೂ ಹೆಚ್ಚು ಸಾಲು. ಅಂಚಿನಲ್ಲಿ ಎರಡು ತೂತು, ತೂತಿಗೆ ಸರಪಳಿ, ಮುದ್ರೆ ತೂಗುಬಿಡಲು. ತುಧಲಿಯ ತನ್ನ ದೊಡ್ಡಪ್ಪನ ಮಗ, ತರ್ಹುಂತಸ್ಸ ನಾಡಿನ ದೊರೆ ಕುರುಂತನಿಗೆ ಬರೆಸಿಕೊಟ್ಟದ್ದು. ಏಳು ಪ್ರತಿ: ಆರು ಬೇರೆ ಬೇರೆ ದೇವರ ಮುಂದೆ, ಏಳನೆಯದು ಕುರುಂತನ ಮನೆಯಲ್ಲಿ. ನೀವೂ ಏಳು ಮಾಡಿ. ಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಲೆಪ್ಪೊದ ತಲ್ಮಿ-ಶರ್ರುಮನ ಒಪ್ಪಂದ ನೋಡಿ: ಮುರ್ಸಿಲಿ ಕೊಟ್ಟ ಫಲಕ ಕಳುವಾಯಿತು, ಮಗ ಮುವತಲ್ಲಿ ಮತ್ತೆ ಬರೆಸಿಕೊಡಬೇಕಾಯಿತು.

ಈ ಕಂಚಿನ ಫಲಕ ಸಿಕ್ಕಿದ್ದು ದೇವಾಲಯದಲ್ಲಲ್ಲ, ಹತ್ತುಸದ ಯೆರ್ಕಪಿ ಕೋಟೆಬಾಗಿಲ ಹತ್ತಿರ ಮಣ್ಣಿನಲ್ಲಿ ಹೂತದ್ದು. ಕುರುಂತ ತನ್ನನ್ನು ‘ಮಹಾರಾಜ’ ಎಂದು ಕರೆದುಕೊಂಡ ಮುದ್ರೆಯ ಅಚ್ಚುಗಳೂ ಅದೇ ಊರಿನಲ್ಲಿ ಸಿಕ್ಕಿವೆ. ಆಟ ಮುಗಿದ ಮೇಲೆ ಯಾರಾದರೂ ರಟ್ಟಿನ ಫಲಕವನ್ನು ಮೇಜಿನ ಕೆಳಗೆ ತಳ್ಳಿದರೆ ತಡೆಯಬೇಡಿ.